ಗೌರಿಬಿದನೂರಿಗೊಂದು ಬಸ್ಸು: ಉತ್ತರ ಬೆಂಗಳೂರಿನ ವಿಜ್ಞಾನ ಶಿಕ್ಷಕರಿಗೆ ಬಹಿರಂಗ ಪತ್ರ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಮತ್ತು ಸುತ್ತಲ ಬಡಾವಣೆಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಿರುವ ಶಿಕ್ಷಕ ಶಿಕ್ಷಕಿಯರಿಗೆ,



ನಾನೂ ನಿಮ್ಮ ವೃತ್ತಿಯವನೇ. ನಿವೃತ್ತನಾಗಿ ಯಲಹಂಕದಲ್ಲಿದ್ದೇನೆ. ನಿಮ್ಮಲ್ಲಿ ಒಂದು ಕೋರಿಕೆಯಿದೆ, ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಈ ವರ್ಷ ನಿಮ್ಮ ಮಕ್ಕಳನ್ನು ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೆ ಕರೆದುಕೊಂಡು ಹೋಗಿ. ಹೋಗುವ ಮೊದಲು ಅದಕ್ಕೆ ಬೇಕಾದಷ್ಟು ಭೌತಶಾಸ್ತ್ರವನ್ನು ತರಗತಿಯಲ್ಲೇ ಕಲಿಸಿ. ಅಷ್ಟಕ್ಕೆ ಬೇಕಾದ ಪಾಠ ಈಗಿರುವ ಪುಸ್ತಕದಲ್ಲೇ ಇದೆ.

ಯಾಕೆ ಅಲ್ಲಿಗೇ ಎಂದು ಕೇಳುತ್ತೀರಿ. ನಮ್ಮ ಭಾಗದ ಮಕ್ಕಳಿಗೆ ಕ್ಷೀರಪಥವೆಂದರೆ ಪಠ್ಯದಲ್ಲಿನ ಒಂದು ಚಿತ್ರ. ಹೆಬ್ಬಾಳದ ಮೇಲ್ಸೇತುವೆ, ವಿಮಾನ ನಿಲ್ದಾಣದ ರಸ್ತೆ, ರಾತ್ರಿಯಿಡೀ ಬೆಳಗುವ ಜಾಹೀರಾತು ಫಲಕಗಳು, ಅಪಾರ್ಟ್‌ಮೆಂಟುಗಳ ನೆತ್ತಿಯ ದೀಪಗಳು, ಇವುಗಳ ನಡುವೆ ಬೆಳೆದ ಹುಡುಗಿಗೆ ಚಂದ್ರ, ಶುಕ್ರ, ಗುರು ಕಂಡಾರು. ಚೌತಿಯ ಚಂದ್ರನನ್ನು ನೋಡಬಾರದೆಂದು ಅಜ್ಜಿ ಹೇಳಿದರೆ ಅವಳಿಗೆ ಚಂದ್ರನಾದರೂ ಗೊತ್ತು. ಕ್ಷೀರಪಥದ ಬಗ್ಗೆ ಅಜ್ಜಿ ಹೇಳುವುದನ್ನು ಒಪ್ಪಲೂ ಆಗದು, ತಳ್ಳಲೂ ಆಗದು, ಏಕೆಂದರೆ ಅವಳು ಅದನ್ನು ಕಂಡೇ ಇಲ್ಲ. ಹೀಗಿರುವಾಗ ನಮ್ಮೂರಿನ ರೈಲು ಹಳಿಯ ಮೇಲೆಯೇ ಎರಡು ಗಂಟೆ ಉತ್ತರಕ್ಕೆ ಹೋದರೆ, ದೇಶದ ವಿಜ್ಞಾನಿಗಳು ಆ ಕ್ಷೀರಪಥದ ನಕ್ಷೆ ಬರೆದ ಬಯಲು ಸಿಗುತ್ತದೆ. ಅದನ್ನು ಬರೆಯಲು ಅವರಿಗೆ ಕತ್ತಲೆಯೂ ಬೇಕಾಗಿರಲಿಲ್ಲ.

ಯಶವಂತಪುರ, ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ಗೌರಿಬಿದನೂರು, ಹಿಂದೂಪುರ: ಈ ದಾರಿ ನಿಮಗೆ ಗೊತ್ತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರಿಗೆ ಅರ್ಧ ದಾರಿ ಪರಿಚಿತ. 1938ರಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥಕ್ಕೆ ಸಮಾಜ ವಿಜ್ಞಾನದ ಮೇಷ್ಟ್ರುಗಳು ಮಕ್ಕಳನ್ನು ಕರೆದೊಯ್ಯುತ್ತಾರೆ. ಅದೂ ಗೌರಿಬಿದನೂರು ತಾಲ್ಲೂಕಿನಲ್ಲೇ ಇದೆ. ಅದೇ ಬಸ್ಸು ವೀಕ್ಷಣಾಲಯಕ್ಕೂ ಹೋಗಬಹುದು.

ವೀಕ್ಷಣಾಲಯವೆಂದ ಕೂಡಲೇ ಮಕ್ಕಳು ಬಿಳಿಯ ಗುಮ್ಮಟವನ್ನು ಊಹಿಸುತ್ತಾರೆ. ಇಲ್ಲಿ ಗುಮ್ಮಟವಿಲ್ಲ. ಬಟ್ಟೆ ಒಣಹಾಕಲು ಸಾಲಾಗಿ ಕಂಬ ನೆಟ್ಟು ತಂತಿ ಕಟ್ಟಿದಂತೆ ಕಾಣುವ ಒಂದು ಬಯಲು. ಸುತ್ತ ಗುಡ್ಡಗಳು. ಆ ಗುಡ್ಡಗಳು ಊರುಗಳ ರೇಡಿಯೋ ಗದ್ದಲವನ್ನು ಒಂದಿಷ್ಟು ತಡೆಯುತ್ತವೆ. 1970ರ ದಶಕದಲ್ಲಿ ಸಿ.ವಿ. ಶಾಸ್ತ್ರಿಯವರ ಮುಂದಾಳತ್ವದಲ್ಲಿ ಇಲ್ಲಿ ಕೆಲಸ ಶುರುವಾಯಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಎರಡೂ ಸೇರಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಒಂದು ಸಾವಿರ ಆಂಟೆನಾಗಳನ್ನು ಹೂಡಿದವು. ಪೂರ್ವ ಪಶ್ಚಿಮದ ತೋಳು ಹೆಚ್ಚುಕಡಿಮೆ 1.4 ಕಿಲೋಮೀಟರ್, ಅದರಲ್ಲಿ 640 ಆಂಟೆನಾ. ದಕ್ಷಿಣಕ್ಕೆ ಚಾಚಿದ ತೋಳು 450 ಮೀಟರ್, ಅದರಲ್ಲಿ 360. ಎಲ್ಲವೂ 34.5 ಮೆಗಾಹರ್ಟ್ಸ್ ಆವೃತ್ತಿಗೆ ಕಿವಿಗೊಟ್ಟಿದ್ದವು.

ಇಲ್ಲಿಂದ ಪಾಠ ನಿಮ್ಮ ಕೈಗೆ ಬರುತ್ತದೆ. ಒಂಬತ್ತನೆಯ ತರಗತಿಯ ಶಬ್ದದ ಅಧ್ಯಾಯದಲ್ಲಿ ವೇಗವೆಂದರೆ ತರಂಗದೂರ ಮತ್ತು ಆವೃತ್ತಿಯ ಗುಣಲಬ್ಧ ಎಂದು ಕಲಿಸುತ್ತೀರಿ. ಬೆಳಕಿನ ವೇಗವನ್ನು 34.5 ಮೆಗಾಹರ್ಟ್ಸ್‌ನಿಂದ ಭಾಗಿಸಲು ಹೇಳಿ. 8.7 ಮೀಟರ್ ಬರುತ್ತದೆ. ಒಂದು ಅಲೆ ನಿಮ್ಮ ತರಗತಿ ಕೋಣೆಯಷ್ಟು ಉದ್ದ! ಅಂಥ ಅಲೆಯಿಂದ ಆಕಾಶದ ಸೂಕ್ಷ್ಮ ವಿವರ ಕಾಣಬೇಕಾದರೆ ಟೆಲಿಸ್ಕೋಪು ಎಷ್ಟು ಅಗಲವಿರಬೇಕು? ತರಂಗದೂರವನ್ನು ಟೆಲಿಸ್ಕೋಪಿನ ಅಗಲದಿಂದ ಭಾಗಿಸಿದರೆ ಅದು ಬಿಡಿಸಿ ನೋಡಬಲ್ಲ ಕೋನ ರೇಡಿಯನ್‌ನಲ್ಲಿ ಸಿಗುತ್ತದೆ. 8.7ನ್ನು 1,400ರಿಂದ ಭಾಗಿಸಿ ಡಿಗ್ರಿಗೆ ತಿರುಗಿಸಿ ನೋಡಿ. ಮೂರನೇ ಒಂದು ಡಿಗ್ರಿಯ ಆಸುಪಾಸು, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಕಡಿಮೆ. ಬಯಲು ಅಷ್ಟು ದೊಡ್ಡದಾಗಿರುವುದು ಯಾಕೆಂಬುದು ಆಗ ಹಲಗೆಯ ಮೇಲೆಯೇ ಗೊತ್ತಾಗುತ್ತದೆ. ಈ ಲೆಕ್ಕ ಮಾಡಿಕೊಂಡು ಹೋದ ಹುಡುಗ ಅಲ್ಲಿನ ಕಂಬಗಳ ಸಾಲನ್ನು ನೋಡುವ ಕಣ್ಣೇ ಬೇರೆ. ಲೆಕ್ಕವಿಲ್ಲದೆ ಹೋದವನಿಗೆ ಅದು ಬೇಲಿ ಹಾಕಿದ ಹೊಲ.

ಈ ಟೆಲಿಸ್ಕೋಪು ತಿರುಗುವುದಿಲ್ಲ ಎಂಬುದನ್ನೂ ಹೇಳಿ. ಭೂಮಿ ತಾನೇ ತಿರುಗುತ್ತಾ ಆಕಾಶವನ್ನು ಅದರ ಮೇಲೆ ಹಾಯಿಸುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ನೋಟ ವಾಲಿಸಬೇಕಾದರೆ ಯಾವ ಆಂಟೆನಾದ ಸಂಕೇತವನ್ನು ಎಷ್ಟು ತಡಮಾಡಿ ಕೂಡಿಸಬೇಕೆಂದು ಲೆಕ್ಕ ಹಾಕುತ್ತಾರೆ. ಕಬ್ಬಿಣ ಅಲುಗಾಡದು, ನೋಟ ಅಲುಗಾಡುತ್ತದೆ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಈ ಉಪಕರಣದಿಂದ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಆಕಾಶದ ದಕ್ಷಿಣ 50 ಡಿಗ್ರಿಯಿಂದ ಉತ್ತರ 70 ಡಿಗ್ರಿಯವರೆಗಿನ ಪಟ್ಟಿ ಅದರಲ್ಲಿದೆ. ಗೌರಿಬಿದನೂರು ಭೂಮಧ್ಯರೇಖೆಗೆ 13.6 ಡಿಗ್ರಿಯಷ್ಟೇ ಉತ್ತರದಲ್ಲಿರುವುದರಿಂದ ಯುರೋಪಿನವರಿಗೆ ಕಾಣದ ದಕ್ಷಿಣದ ಆಕಾಶವೂ ಇಲ್ಲಿಗೆ ಕಾಣುತ್ತದೆ. ಆ ನಕ್ಷೆಯಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಹಾದುಹೋಗುವುದು ಕ್ಷೀರಪಥವೇ. ನಕ್ಷತ್ರಗಳ ಬೆಳಕಿನಿಂದ ಅದು ಹಾಗೆ ಕಾಣುತ್ತಿಲ್ಲ. ನಮ್ಮ ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ವೇಗದ ಎಲೆಕ್ಟ್ರಾನುಗಳು ಹೊರಸೂಸುವ ರೇಡಿಯೋ ಅಲೆಗಳು ಅವು. ಮೋಡ ಅವನ್ನು ತಡೆಯದು, ಬೀದಿದೀಪ ಕೆಡಿಸದು.

ರೇಡಿಯೋ ಆಕಾಶ ಮನುಷ್ಯನಿಗೆ ಮೊದಲು ಸಿಕ್ಕಿದ ಕಥೆಯನ್ನೂ ಮಕ್ಕಳಿಗೆ ಹೇಳಲೇಬೇಕು. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ದೂರವಾಣಿಗೆ ಅಡ್ಡಬರುವ ಗೊರಗೊರ ಸದ್ದಿನ ಮೂಲ ಹುಡುಕುತ್ತಿದ್ದರು. ಗುಡುಗಿನದು ಬೇರೆಯಾಯಿತು, ಉಳಿದ ಒಂದು ಸದ್ದು ಮಾತ್ರ ದಿನವೂ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ನಕ್ಷತ್ರಗಳು ಉದಯಿಸುವುದೂ ದಿನಕ್ಕೆ ನಾಲ್ಕು ನಿಮಿಷ ಮುಂಚೆ. ಅಲ್ಲಿಗೆ ಅದು ಭೂಮಿಯದಲ್ಲ, ಕ್ಷೀರಪಥದ ನಡುವಿನಿಂದ ಬರುತ್ತಿದೆ ಎಂದು ಗೊತ್ತಾಯಿತು. ಒಂದು ದಾಖಲೆ ಪುಸ್ತಕವನ್ನು ಬಿಡದೆ ಬರೆದಿಟ್ಟದ್ದರಿಂದ ಹೊಸ ವಿಜ್ಞಾನವೇ ಹುಟ್ಟಿತು. ಪ್ರಯೋಗದ ದಾಖಲೆ ಪುಸ್ತಕವನ್ನು ಅಂಕಕ್ಕಾಗಿ ನಕಲು ಮಾಡುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಇಂದು ಗೌರಿಬಿದನೂರಿನ ಮುಖ್ಯ ಕೆಲಸ ಸೂರ್ಯನದು. 1997ರಿಂದ ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋಹೀಲಿಯೋಗ್ರಾಫ್ ಇದೆ. ಮಧ್ಯಾಹ್ನದ ಹೊತ್ತಿನ ಸೂರ್ಯನನ್ನು ಅದು ರೇಡಿಯೋ ಅಲೆಗಳಲ್ಲಿ ಚಿತ್ರಿಸುತ್ತದೆ. ಆ ಚಿತ್ರದಲ್ಲಿ ಸೂರ್ಯ ನಾವು ಕಾಣುವುದಕ್ಕಿಂತ ದೊಡ್ಡವನು, ಏಕೆಂದರೆ ಕಾಣುತ್ತಿರುವುದು ಹತ್ತು ಲಕ್ಷ ಡಿಗ್ರಿಗೂ ಮೀರಿದ ಕರೋನಾ. ಅಲ್ಲಿಂದ ಸಿಡಿಯುವ ಅನಿಲದ ಭಾರೀ ಉಗುಳುಗಳೇ ಭೂಮಿಯ ಬಳಿಯ ಉಪಗ್ರಹಗಳನ್ನು ಕಾಡುವುದು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಮುಖ್ಯ ಉಪಕರಣವೂ ಇದೇ ಕರೋನಾವನ್ನು ನೋಡಲೆಂದೇ ಇರುವುದು, ಅದನ್ನು ಕಟ್ಟಿದ್ದೂ ಇದೇ ಸಂಸ್ಥೆ, ನಮ್ಮ ಹೊಸಕೋಟೆಯ ಆವರಣದಲ್ಲಿ. ಹಾರಿದ ದಿನ ನಿಮ್ಮ ಶಾಲೆಯಲ್ಲಿ ಟಿ.ವಿ. ಹಾಕಿ ತೋರಿಸಿದ್ದೀರಿ, ಮಕ್ಕಳು ಚಪ್ಪಾಳೆ ತಟ್ಟಿದ್ದಾರೆ. ಆ ನೌಕೆ ನೋಡುವ ಸೂರ್ಯನನ್ನೇ ನೆಲದಿಂದ ನೋಡುವ ಬಯಲು ನಮ್ಮ ಪಕ್ಕದ ಜಿಲ್ಲೆಯಲ್ಲಿದೆ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು?

ಬಸ್ಸು ಹೊರಡುವ ಮೊದಲು ಆರ್.ಟಿ. ನಗರದವರು, ಹೆಬ್ಬಾಳದವರು ನಡೆದೇ ಹೋಗಬಹುದಾದ ಇನ್ನೊಂದು ಜಾಗವಿದೆ. ಮೇಖ್ರಿ ವೃತ್ತದ ಬಳಿ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ. ದಿನವೂ ಅದರ ಕಾಂಪೌಂಡ್ ಪಕ್ಕದಲ್ಲಿ ಟ್ರಾಫಿಕ್ಕಿನಲ್ಲಿ ನಿಲ್ಲುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಗೊತ್ತೋ, ಒಳಗೆ ಮರಗಳ ನಡುವೆ 10.4 ಮೀಟರ್ ಅಗಲದ ರೇಡಿಯೋ ಟೆಲಿಸ್ಕೋಪಿನ ಬಟ್ಟಲಿದೆ. ಗೌರಿಬಿದನೂರಿನ ಅಲೆ ಮೀಟರುಗಳಷ್ಟು ಉದ್ದವಾದರೆ ಇದು ಮಿಲಿಮೀಟರ್ ಅಲೆಗಳಿಗಾಗಿ ಕಟ್ಟಿದ್ದು. ನಕ್ಷತ್ರಗಳ ಸುತ್ತಲ ಅನಿಲದಲ್ಲಿರುವ ಅಣುಗಳನ್ನು ಅದರಿಂದ ಅಭ್ಯಾಸ ಮಾಡಿದರು. ಹತ್ತನೆಯ ತರಗತಿಯ ನಿಮ್ನ ದರ್ಪಣದ ಪಾಠಕ್ಕೆ ಅದಕ್ಕಿಂತ ದೊಡ್ಡ ಮಾದರಿ ಈ ಊರಲ್ಲಿ ಬೇಕೆ? ಬರುವ ಅಲೆಗಳು ಒಂದು ಸಂಗಮಬಿಂದುವಿಗೆ ಸೇರುವುದನ್ನು ಬೆರಳು ಮಾಡಿ ತೋರಿಸಬಹುದು.

ಸಿ.ವಿ. ರಾಮನ್ ಈ ಸಂಸ್ಥೆ ಕಟ್ಟಿದ್ದು 1948ರಲ್ಲಿ. 1970ರಲ್ಲಿ ಅವರು ತೀರಿಕೊಂಡ ಮೇಲೆ, 1972ರಲ್ಲಿ ನಿರ್ದೇಶಕರಾಗಿ ಬಂದವರು ಅವರ ಮಗ ವಿ. ರಾಧಾಕೃಷ್ಣನ್. ಆಸ್ಟ್ರೇಲಿಯಾದಲ್ಲಿ ಪಲ್ಸಾರ್‌ಗಳ ಮೇಲೆ ಮಾಡಿದ ಕೆಲಸದಿಂದ ಆಗಲೇ ಲೋಕಪ್ರಸಿದ್ಧರು. ವೇಲಾ ಪಲ್ಸಾರ್ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿಕೊಂಡದ್ದನ್ನು 1969ರಲ್ಲಿ ಕಂಡವರಲ್ಲಿ ಅವರೂ ಒಬ್ಬರು. ಪಿಎಚ್‌.ಡಿ.ಗಾಗಿ ಓದಿದವರಲ್ಲ. ಉಪಕರಣ ಕೈಯಾರೆ ಕಟ್ಟುವುದರಲ್ಲೇ ಅವರ ವಿದ್ಯೆ. ಸೋಲ್ಡರಿಂಗ್ ಕಬ್ಬಿಣ ಹಿಡಿಯಲು ಆಸೆಪಡುವ, ಆದರೆ ಪರೀಕ್ಷೆಯಲ್ಲಿ ಹಿಂದಿರುವ ಹುಡುಗ ನಿಮ್ಮ ಪ್ರತಿ ತರಗತಿಯಲ್ಲೂ ಇರುತ್ತಾನೆ. ಈ ಹೆಸರನ್ನು ಅವನಿಗೆ ಹೇಳಿ. ರೇಡಿಯೋ ಖಗೋಳಕ್ಕೆ ವೆಲ್ಡರ್, ಎಲೆಕ್ಟ್ರಿಷಿಯನ್, ಲೇತ್ ಮೆಷಿನ್ ನಡೆಸುವವರು ಎಲ್ಲರೂ ಬೇಕು ಎಂಬುದನ್ನೂ ಹೇಳಿ.

ಇದೇ ಸಂಸ್ಥೆಯ ಒಂದು ಪ್ರಯೋಗವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ವಿಜ್ಞಾನ ಹೇಗೆ ನಡೆಯುತ್ತದೆಂದು ತೋರಿಸಲು ನಮ್ಮ ನಾಡಿನಲ್ಲೇ ಇಂಥದು ಇದೆ ಎನ್ನುವುದು ನನಗೆ ಬಹಳ ಹೆಮ್ಮೆ. ಬ್ರಹ್ಮಾಂಡದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಹೈಡ್ರೋಜನ್ ಅನಿಲದಲ್ಲಿ ಒಂದು ಗುರುತು ಮೂಡಿರಬೇಕು. ಹೈಡ್ರೋಜನ್ನಿನ ರೇಡಿಯೋ ಅಲೆ ಮೂಲದಲ್ಲಿ 21 ಸೆಂಟಿಮೀಟರ್, ಅಂದರೆ 1,420 ಮೆಗಾಹರ್ಟ್ಸ್. ಬ್ರಹ್ಮಾಂಡ ಹಿಗ್ಗಿದಂತೆ ಅಲೆಯೂ ಹಿಗ್ಗಿ ನಮಗೆ ಮುಟ್ಟುವ ಹೊತ್ತಿಗೆ ಕೆಲವು ಮೀಟರುಗಳಷ್ಟಾಗಿರುತ್ತದೆ. 2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಎಡ್ಜಸ್ ಎಂಬ ಉಪಕರಣದಿಂದ ಆ ಗುರುತನ್ನು 78 ಮೆಗಾಹರ್ಟ್ಸ್ ಬಳಿ ಕಂಡಿದ್ದೇವೆ ಎಂದಿತು. 1,420ನ್ನು 78ರಿಂದ ಭಾಗಿಸಿ: ಅಲೆ ಹದಿನೆಂಟು ಪಟ್ಟು ಹಿಗ್ಗಿದೆ. ಜಗತ್ತೆಲ್ಲ ಸುದ್ದಿಯಾಯಿತು. ಕಂಡ ಗುರುತು ಲೆಕ್ಕಕ್ಕಿಂತ ಹೆಚ್ಚು ಆಳವಾಗಿತ್ತು, ಆದ್ದರಿಂದ ಹೊಸ ಭೌತಶಾಸ್ತ್ರವೇ ಬೇಕೇನೋ ಎಂಬ ಚರ್ಚೆ ಎದ್ದಿತು.

ರಾಮನ್ ಸಂಸ್ಥೆಯವರ ಸರಸ್ ಎಂಬ ಉಪಕರಣ ಅದೇ ಗುರುತನ್ನು ಹುಡುಕುತ್ತಿತ್ತು. ತೊಡಕು ಎರಡು. ಮೊದಲನೆಯದು ಎಫ್.ಎಂ. ರೇಡಿಯೋ. ನಮ್ಮ ಎಫ್.ಎಂ. 88 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ, ಹುಡುಕುವ ಅಲೆಯೂ ಅದರ ಆಸುಪಾಸಿನದೇ. ನಗರದಲ್ಲಿ ಸಾಧ್ಯವೇ ಇಲ್ಲ. ಮೊದಲ ಸರಸ್ ಗೌರಿಬಿದನೂರಿನಲ್ಲಿ ಕೆಲಸ ಮಾಡಿತು, ಮುಂದಿನದು ಗಡಿಯಾಚೆ ಆಂಧ್ರದ ತಿಂಬಕ್ಟುವಿಗೆ ಹೋಯಿತು. ಎರಡನೆಯ ತೊಡಕು ನೆಲ. ಮಣ್ಣು, ಕಲ್ಲು, ತೇವದ ಪದರಗಳು ಅಲೆಗಳನ್ನು ಒಂದೊಂದು ಬಗೆಯಲ್ಲಿ ಹಿಂದಕ್ಕೆ ಕಳಿಸಿ ಆಂಟೆನಾದ ಅಳತೆಯಲ್ಲಿ ಸುಳ್ಳು ಗುರುತು ಮೂಡಿಸಬಲ್ಲವು. ಹಾಗಾದರೆ ಎಲ್ಲಿ ನೋಡಿದರೂ ಒಂದೇ ಸಮನಾದ ನೆಲ ಯಾವುದು? ನೀರು! 2020ರ ಆರಂಭದಲ್ಲಿ ಅವರು ಮೂರನೆಯ ಸರಸ್ ಅನ್ನು ತೆಪ್ಪದ ಮೇಲಿಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಆಮೇಲೆ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದು ಇಷ್ಟು: ಎಡ್ಜಸ್ ಕಂಡೆನೆಂದ ಗುರುತು ನಮಗೆ ಕಾಣಲಿಲ್ಲ, ಅದು ಆಕಾಶದ್ದಲ್ಲ ಎಂದು 95.3 ಶೇಕಡಾ ವಿಶ್ವಾಸದಿಂದ ಹೇಳಬಹುದು.

ಗುರುತು ಸಿಕ್ಕಿತೆಂದು ಹೇಳಿದ್ದರೆ ಇವರ ಹೆಸರು ಇನ್ನೂ ದೊಡ್ಡದಾಗುತ್ತಿತ್ತು. ಸಿಗಲಿಲ್ಲ ಎಂಬುದನ್ನು ಇಷ್ಟು ಶ್ರಮಪಟ್ಟು ಅಳೆದು, ತಪ್ಪಿನ ಅಂದಾಜಿನೊಂದಿಗೆ ಲೋಕಕ್ಕೆ ಹೇಳಿದರು. ಪ್ರಯೋಗದಲ್ಲಿ ಪುಸ್ತಕದ ಉತ್ತರ ಬರದಿದ್ದಾಗ ಅಂಕಿಯನ್ನು ತಿದ್ದಿ ಬರೆಯುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಎಷ್ಟು ಬೇರುಬಿಟ್ಟಿದೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಪ್ರಾಮಾಣಿಕವಾಗಿ ಅಳೆದು ಬಂದ ಉತ್ತರ ಏನಿದ್ದರೂ ಅದೇ ಉತ್ತರ ಎಂದು ಹೇಳಲು ನಮ್ಮ ಕೆರೆಯ ಮೇಲೆ ತೇಲಿದ ಈ ಉಪಕರಣ ಸಾಕು.

ಉಳಿದ ಟೆಲಿಸ್ಕೋಪುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಬೇರು ಹದಿನೆಂಟನೆಯ ಶತಮಾನದ ಮದ್ರಾಸ್ ವೀಕ್ಷಣಾಲಯದಲ್ಲಿದೆ. ಅಲ್ಲಿಂದ ಅದು 1899ರಲ್ಲಿ ಕೊಡೈಕನಾಲಿಗೆ ಹತ್ತಿತು, ಆಮೇಲೆ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಕಾಲದಲ್ಲಿ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿಗೆ. ಅಲ್ಲಿ 1986ರಲ್ಲಿ 2.34 ಮೀಟರ್ ಟೆಲಿಸ್ಕೋಪು ಸಮರ್ಪಣೆಯಾಯಿತು. ಕೊನೆಗೆ ಲಡಾಖಿನ ಹಾನ್ಲೆ, 4,500 ಮೀಟರ್ ಎತ್ತರದಲ್ಲಿ. ಅಲ್ಲಿನ 2 ಮೀಟರ್ ಟೆಲಿಸ್ಕೋಪನ್ನು ಉಪಗ್ರಹದ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಊರುಗಳು ಬೆಳೆದಂತೆ ಕತ್ತಲೆ ಹುಡುಕುತ್ತಾ ಟೆಲಿಸ್ಕೋಪುಗಳು ದೂರ ಹೋದವು. ರೇಡಿಯೋ ಟೆಲಿಸ್ಕೋಪಿಗೆ ಬೇಕಾದ್ದು ಕತ್ತಲೆಯಲ್ಲ, ನಿಶ್ಶಬ್ದ. ಆ ನಿಶ್ಶಬ್ದದ ಕಡೆಗೂ ಈಗ ನಮ್ಮ ನಗರ ಬೆಳೆಯುತ್ತಿದೆ. ದೊಡ್ಡಬಳ್ಳಾಪುರದಾಚೆಗೆ ಕಾರ್ಖಾನೆಗಳು, ಬಡಾವಣೆಗಳು, ಮೊಬೈಲ್ ಗೋಪುರಗಳು. ಇದನ್ನು ತಡೆಯಿರಿ ಎಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ಆದರೆ ನಾಳೆ ಆ ದಾರಿಯಲ್ಲಿ ಮನೆ ಕಟ್ಟುವವರು, ಕಾರ್ಖಾನೆ ಹಾಕುವವರು, ಕಚೇರಿಯಲ್ಲಿ ಕೂತು ಅನುಮತಿ ಕೊಡುವವರು ಇಂದು ನಿಮ್ಮ ಮುಂದಿನ ಬೆಂಚಿನಲ್ಲಿದ್ದಾರೆ. ಅಲ್ಲೊಂದು ವೀಕ್ಷಣಾಲಯವಿದೆ, ಅದಕ್ಕೆ ಸುತ್ತ ಸದ್ದಿರಬಾರದು ಎಂಬುದು ಅವರಿಗೆ ಗೊತ್ತಿರಲಿ.

ನಿಮ್ಮ ಕಷ್ಟಗಳು ನನಗೆ ತಿಳಿಯದವಲ್ಲ. ಸಿಲಬಸ್ ಮುಗಿಸಬೇಕು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಕುಸಿದರೆ ಬಿಇಒ ಕಚೇರಿಯಿಂದ ನೋಟಿಸು, ಪ್ರವಾಸಕ್ಕೆ ಅನುಮತಿ, ಪಾಲಕರ ಒಪ್ಪಿಗೆ, ಬಸ್ಸಿನ ಬಾಡಿಗೆ. ಹಾಗಾಗಿ ಪ್ರವಾಸ ಆಗದ ಶಾಲೆಗಳಿಗೂ ಆಗುವಂಥ ಎರಡು ಕೆಲಸ ಸೂಚಿಸುತ್ತೇನೆ. ಒಂದು: ಹಳೆಯ ಮೀಡಿಯಂ ವೇವ್ ರೇಡಿಯೋ ತಂದು, ನಿಲ್ದಾಣವಿಲ್ಲದ ಕಡೆ ಮುಳ್ಳು ನಿಲ್ಲಿಸಿ, ಒಂದು ಅಗ್ಗದ ಎಲ್‌ಇಡಿ ಬಲ್ಬಿನ ಹತ್ತಿರ ಒಯ್ಯಿರಿ. ಬಲ್ಬಿನೊಳಗಿನ ಸರ್ಕಿಟ್ಟಿನ ಗೊರಗೊರ ಕೇಳಿಸುತ್ತದೆ. ರೇಡಿಯೋ ಗದ್ದಲ ಎಂದರೇನೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇನ್ನೊಂದು: ಮಾರ್ಚ್ ಮಧ್ಯದಲ್ಲೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲೂ ಕೆಲವು ದಿನ ಹಗಲು ಹೊತ್ತಿನಲ್ಲಿ ಡಿಶ್ ಟಿ.ವಿ. ಕೆಲವು ನಿಮಿಷ ಕೆಡುತ್ತದೆ. ಆಗ ಸೂರ್ಯ ಉಪಗ್ರಹದ ನೇರ ಹಿಂದೆ ಬಂದು ಅವನ ರೇಡಿಯೋ ಅಲೆ ಉಪಗ್ರಹದ ಸಂಕೇತವನ್ನು ಮುಳುಗಿಸುತ್ತದೆ. ಮಕ್ಕಳು ತಮ್ಮ ಮನೆಯಲ್ಲಿ ಚಿತ್ರ ಕೆಟ್ಟ ಹೊತ್ತನ್ನು ಬರೆದು ತರಲಿ, ಮಾರನೆಯ ದಿನದ್ದನ್ನೂ ಬರೆಯಲಿ. ಅವರ ಮನೆಯ ಮೇಲಿನ ಡಿಶ್ಶೇ ಅಂದು ರೇಡಿಯೋ ಟೆಲಿಸ್ಕೋಪು. ಶೂನ್ಯ ನೆರಳಿನ ದಿನ ಅಂಗಳದಲ್ಲಿ ಕೋಲು ನೆಟ್ಟು ತೋರಿಸುವ ನಿಮಗೆ ಇದೇನೂ ಭಾರವಲ್ಲ.

ಪ್ರವಾಸ ಹೊರಡುವವರಿಗೆ ಒಂದೆರಡು ಮಾತು. ಮುಂಚಿತವಾಗಿ ಕಾಗದ ಬರೆದು ಅನುಮತಿ ಪಡೆಯಿರಿ, ಹೇಳದೆ ಹೋದರೆ ಒಳಗೆ ಬಿಡಲಾರರು. ಒಳಗೆ ಮೊಬೈಲು ಆರಿಸಿಡಬೇಕು. ಇದು ಶಿಸ್ತಿನ ಮಾತಷ್ಟೇ ಅಲ್ಲ, ಅಲ್ಲಿ ಅಳೆಯುವ ಸಂಕೇತಕ್ಕೆ ಹೋಲಿಸಿದರೆ ಹುಡುಗನ ಜೇಬಿನ ಫೋನು ಎಷ್ಟೋ ಪಟ್ಟು ಜೋರು. ವಿವರಣೆ ಕನ್ನಡದಲ್ಲಿರಲಿ ಎಂದು ಕಾಗದದಲ್ಲೇ ಕೇಳಿಕೊಳ್ಳಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳು ಇಂಗ್ಲಿಷ್ ಭಾಷಣದ ಮುಂದೆ ತಲೆ ತಗ್ಗಿಸಿ ನಿಲ್ಲುವಂತಾಗಬಾರದು. ಅವರ ಪ್ರಶ್ನೆಗಳನ್ನು ಮೊದಲೇ ಬರೆಸಿ, ಓದಿ ನೋಡಿ, ತಿದ್ದದೆ ಹಾಗೆಯೇ ಕೇಳಲು ಬಿಡಿ.

ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಯ ನಾಲ್ಕೈದು ಶಾಲೆಗಳು ಸೇರಿ ಒಂದೇ ಬಸ್ಸು ಮಾಡಿದರೆ ಖರ್ಚು ಹಂಚಿಹೋಗುತ್ತದೆ. ವಿಜ್ಞಾನ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಇಡಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಮಳೆಗಾಲ ಕಳೆದ ಮೇಲಿನ ಒಂದು ಶನಿವಾರಕ್ಕೆ ಅರ್ಜಿ ಕಳಿಸಿ. ಲೆಕ್ಕ ಹೇಳಿಕೊಡಲು, ರೇಡಿಯೋ ಹೊಂದಿಸಿಕೊಡಲು ಯಾವ ಶಾಲೆ ಕರೆದರೂ ಬರಲು ನಾನು ಸಿದ್ಧ.

ನಿಮ್ಮವ,
ಯಲಹಂಕದ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ